ಮಾತ್ರೆಗೂ ಒಂದು ರಜ

ನನ್ನ ಗಂಡ ಮಾತ್ರೆ ತಿಂದು ತಿಂದೇ ಸತ್ತರು ಎಂದು ಇವತ್ತಿಗೂ ಹೇಳುವವರಿದ್ದಾರೆ. ನನ್ನ ಎದುರಿಗೇ, ಸಮಾಧಾನ ಹೇಳುವ ದನಿಯಲ್ಲಿ ಹೇಳುತ್ತಾರೆ. ಅವರು ಸತ್ತದ್ದು ಮಾತ್ರೆ ತಿಂದು ಅಲ್ಲ, ತಿನ್ನದೆ. ಅದನ್ನು ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆಂದು ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಎರಡನ್ನೂ ಬರೆಯುತ್ತೇನೆ.

ಅವರು ಬಾಳೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆರೂವರೆಗೆ ಆಳುಗಳ ಹಾಜರಿ ಹಿಡಿಯುವುದು ಅವರ ಮೊದಲ ಕೆಲಸ. ಮಸ್ಟರ್ ಪುಸ್ತಕದಲ್ಲಿ ಬಂದವರಿಗೆ ಒಂದು, ಬಾರದವರಿಗೆ ಸೊನ್ನೆ. ಭಾನುವಾರ ವಾರದ ರಜ, ಆ ಕಾಲಮ್ಮಿಗೆ ಮೇಲಿಂದ ಕೆಳಗಿನವರೆಗೆ ಒಂದು ಕೆಂಪು ಗೀಟು. ಸ್ಕೇಲು ಇಟ್ಟು ಎಳೆಯುತ್ತಿದ್ದರು. ಅಷ್ಟು ಶಿಸ್ತಿನ ಮನುಷ್ಯ.

ಮದುವೆಯಾಗಿ ಎರಡನೇ ವರ್ಷ, ತೊಂಬತ್ತರ ದಶಕದ ನಡುವೆ, ಕೊಯ್ದ ಹಣ್ಣು ಅಳೆಯುವ ಹೊತ್ತಿನಲ್ಲಿ ಕಣದಲ್ಲೇ ಬಿದ್ದು ಕೈಕಾಲು ಬಡಿದರು. ಯಾರೋ ಗೋದಾಮಿನ ಬೀಗದ ಕೈ ಗೊಂಚಲನ್ನು ಅವರ ಮುಷ್ಟಿಗೆ ತುರುಕಿದರು. ಮೂರ್ಛೆ ರೋಗ. ನಮ್ಮ ಕಡೆ ಅದರ ಹೆಸರು ಹೇಳುವುದಿಲ್ಲ, 'ಅದು ಬರುತ್ತೆ' ಎನ್ನುತ್ತಾರೆ.

ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ತಲೆ ಎತ್ತದೆ ಚೀಟಿ ಬರೆದರು.

"ಎಷ್ಟು ದಿನ ತಗೋಬೇಕು ಸಾರ್?" ಎಂದು ಇವರು ಕೇಳಿದರು.

"ತಗೋತಾ ಇರಿ."

ಅಷ್ಟೇ. ಎರಡು ಪದ. ನಮ್ಮ ಹಿಂದಿನ ಸರದಿಯವರು ಆಗಲೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಇವರು ಚೀಟಿ ಬಿಡಿಸಿ ನೋಡಿದರು. ಮಾತ್ರೆಯ ಹೆಸರಿನ ಮುಂದೆ 1-0-1 ಎಂದಿತ್ತು. "ನೋಡೇ, ಡಾಕ್ಟ್ರೂ ಮಸ್ಟರ್ ಹಾಕಿದಾರೆ. ಬೆಳಿಗ್ಗೆ ಹಾಜರು, ಮಧ್ಯಾಹ್ನ ಗೈರು, ರಾತ್ರಿ ಹಾಜರು" ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದವರೇ ಒಂದು ಹಾಳೆಗೆ ಗೀಟು ಹಾಕಿ ಮಾತ್ರೆಗಳಿಗೂ ಮಸ್ಟರ್ ಮಾಡಿ ಬೀರುವಿನ ಬಾಗಿಲ ಒಳಗೆ ಅಂಟಿಸಿದರು. ಆ ಹಾಳೆಯಲ್ಲಿ ಭಾನುವಾರಕ್ಕೆ ಆಗ ಕೆಂಪು ಗೀಟು ಇರಲಿಲ್ಲ.

ಮೂರು ವರ್ಷ ಒಂದೂ ಸೊನ್ನೆಯಿಲ್ಲದೆ ನಡೆಸಿದರು. ಹೇಳುವುದು ಸುಲಭ. ಮಾತ್ರೆ ತಗೊಂಡ ಮೇಲೆ ತಲೆಗೆ ಹತ್ತಿ ತುಂಬಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಹಾಜರಿ ಕೂಗುವಾಗ ನಾಲಿಗೆ ತಡವರಿಸುತ್ತಿತ್ತು. ವಸಡು ಊದಿ ಚಪಾತಿ ಅಗಿಯಲು ಕಷ್ಟ. ಮಾತ್ರೆ ಮುಗಿಯುವ ಮೊದಲೇ ಪೇಟೆಗೆ ಹೋಗಬೇಕು. ಹೋದರೆ ಅಂಗಡಿಯವನು "ಸ್ಟಾಕ್ ಇಲ್ಲ, ನಾಳೆ ಬನ್ನಿ" ಎನ್ನುವುದು. ನಾಳೆ ಎಂದರೆ ಇನ್ನೊಂದು ದಿನದ ಕೆಲಸ ಬಿಡಬೇಕೆಂದು ಅವನಿಗೇನು ಗೊತ್ತು? ಒಮ್ಮೆ ಬಿಳಿಯ ಬದಲು ಹಳದಿ ಮಾತ್ರೆ ಕೊಟ್ಟು "ಕಂಪನಿ ಬೇರೆ, ಒಳಗೆ ಅದೇ" ಎಂದ. ಅವರು ಅದನ್ನು ನುಂಗುವಾಗಲೆಲ್ಲ ಒಂದು ವಾರ ಇಬ್ಬರಿಗೂ ಹೆದರಿಕೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಜನರ ಬಾಯಿ. ಆಳುಗಳ ಮೇಸ್ತ್ರಿಗೆ ಭಾನುವಾರ ಮಧ್ಯಾಹ್ನದ ಮೇಲೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಅವನು ಎಲ್ಲರ ಎದುರು ಇವರಿಗೆ ಹೇಳುತ್ತಿದ್ದ:

"ಚಟ ಅಂದ್ರೆ ಚಟವೇ ರೈಟ್ರೇ. ನಂದು ಬಾಟ್ಲಿ, ನಿಮ್ದು ಗುಳಿಗೆ. ನಾನಾದ್ರೂ ವಾರಕ್ಕೊಂದೇ ದಿನ. ನಿಮ್ಗೆ ದಿನಾ ಬೇಕಲ್ಲ!"

ಆಳುಗಳೆಲ್ಲ ನಗುತ್ತಿದ್ದರು. ಇವರೂ ನಗುತ್ತಿದ್ದರು. ಆ ನಗು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಕುಡುಕನೊಬ್ಬ ಚಟದ ಬಗ್ಗೆ ಬುದ್ಧಿ ಹೇಳುವುದು, ಕಾಯಿಲೆಯವನು ತಲೆ ತಗ್ಗಿಸಿ ಕೇಳುವುದು!

ಸಂಸೆಯಿಂದ ಅವರ ಅಕ್ಕ ಬಂದರೆ ಅದೇ ರಾಗ. "ಇನ್ನೂ ನಿಂತಿಲ್ವೇನೋ ಆ ಮಾತ್ರೆ? ಜ್ವರದ ಮಾತ್ರೆನೂ ಐದು ದಿನಕ್ಕೆ ನಿಲ್ಸ್ತಾರೆ ಮಾರಾಯ. ಉಷ್ಣಕ್ಕೆ ಕರುಳು ಸುಟ್ಟು ಹೋಗುತ್ತೆ ನಿಂಗೆ." ಹೊರನಾಡಿಗೆ ಹರಕೆ ಹೊತ್ತಿದ್ದಾಳಂತೆ, ಇನ್ನು ಮಾತ್ರೆ ಯಾಕಂತೆ. ಹರಕೆ ಹೊರಲಿ, ನಾನೂ ಹೊತ್ತಿದ್ದೆ. ಆದರೆ ದೇವಿ ಮಾತ್ರೆ ನಿಲ್ಲಿಸು ಎಂದು ಇವಳ ಕಿವಿಯಲ್ಲಿ ಹೇಳಿದ್ದಳೇ?

ಒಂದು ಭಾನುವಾರ ಬೆಳಿಗ್ಗೆ ಇವರು ಮಾತ್ರೆಯನ್ನು ಅಂಗೈಲಿಟ್ಟುಕೊಂಡು ಕೂತಿದ್ದರು. "ಆಳಿಗೆ ವಾರಕ್ಕೊಂದು ರಜ ಇದೆ. ಹಣ್ಣು ಸುಲಿಯೋ ಪಲ್ಪರ್ ಮಿಷನ್ನಿಗೂ ಇದೆ. ಇದಕ್ಕೆ ಮಾತ್ರ ಯಾಕಿಲ್ಲ? ದಿನಾ ಕೊಟ್ರೆ ಮೈ ಒಗ್ಗಿಹೋಗಿ ಮದ್ದು ಹಿಡಿಯೋದೇ ಇಲ್ಲಂತೆ. ಒಂದಿನ ಬಿಟ್ರೆ ಸೋಮವಾರ ಜೋರಾಗಿ ಕೆಲ್ಸ ಮಾಡುತ್ತೆ" ಎಂದರು.

ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. "ಡಾಕ್ಟ್ರು ಭಾನುವಾರ ತಗೊಳ್ಳಿ ಅಂತಾನೂ ಹೇಳ್ಲಿಲ್ಲ ಅಲ್ವ?" ಎಂದೆ. ಇದು ನನ್ನ ಬಾಯಿಂದ ಬಂದ ಮಾತು.

ಬೀರುವಿನ ಹಾಳೆಯಲ್ಲಿ ಕೆಂಪು ಗೀಟು ಬಂತು. ಶನಿವಾರ ರಾತ್ರಿಯದೂ ಬಿಟ್ಟರೆ ಭಾನುವಾರ ತಲೆ ಹಗುರ ಎಂದು ಅದನ್ನೂ ಬಿಟ್ಟರು. ನಿಜ ಹೇಳಬೇಕೆಂದರೆ ಆ ಭಾನುವಾರಗಳು ನನಗೆ ಬಹಳ ಇಷ್ಟವಾದವು. ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಸಾಹುಕಾರ್ರು ಜೀಪಿನಿಂದ ಇಳಿಯುವ ರೀತಿ ಮಾಡಿ ತೋರಿಸಿ ನಗಿಸುತ್ತಿದ್ದರು. ಜೀಪು ಹಿಡಿದು ಸಂತೆಗೆ ಹೋಗಿ ಬರುವಾಗ ದಾರಿಯುದ್ದಕ್ಕೂ ಮಾತು. ನಾನು ಮದುವೆಯಾದ ಮನುಷ್ಯ ವಾರಕ್ಕೊಮ್ಮೆ ಮನೆಗೆ ಬಂದು ಹೋದ ಹಾಗೆ. ಆ ಒಂದು ದಿನವನ್ನು ನಾನು ಹೇಗೆ ಬಿಟ್ಟುಕೊಡಲಿ? ಏಳೆಂಟು ತಿಂಗಳು ಏನೂ ಆಗಲಿಲ್ಲ. ಆಗದಿದ್ದದ್ದೇ ನಮಗೆ ಸಾಕ್ಷಿಯಾಯಿತು.

ಕೊಯ್ಲಿನ ಕಾಲ, ಒಂದು ಸೋಮವಾರ. ಎದ್ದದ್ದು ತಡವಾಯಿತು. ಬಂದು ಮಾತ್ರೆ ತಗೋತೀನಿ ಎಂದು ಮಸ್ಟರ್ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ನಮ್ಮ ಕ್ವಾರ್ಟರ್ಸಿನಿಂದ ಕಣಕ್ಕೆ ಹೋಗಲು ಒಂದು ಹಳ್ಳ ದಾಟಬೇಕು. ಎರಡು ಮರದ ದಿಮ್ಮಿ ಹಾಕಿದ ಸಂಕ. ಅಲ್ಲಿ ಅದು ಬಂದಿದೆ. ಮಳೆಗಾಲ ಕಳೆದು ಹಳ್ಳದಲ್ಲಿ ಮೊಣಕಾಲುದ್ದದ ನೀರೂ ಇರಲಿಲ್ಲ. ಮುಖ ಅಡಿಯಾಗಿ ಬಿದ್ದವರಿಗೆ ಅಷ್ಟು ಸಾಕಾಯಿತು. ಹಾಜರಿಗೆ ಕಾದು ಕಾದು ಹುಡುಕಿಕೊಂಡು ಬಂದವನು ಅದೇ ಮೇಸ್ತ್ರಿ.

ಹನ್ನೊಂದರ ದಿನ ಅವರ ಅಕ್ಕ ಬೀರು ತೆಗೆದು ಉಳಿದ ಮಾತ್ರೆಗಳನ್ನೆಲ್ಲ ಬಾಚಿ ಒಲೆಗೆ ಹಾಕಿದಳು. "ಇದೇ ನನ್ನ ತಮ್ಮನ್ನ ತಿಂದಿದ್ದು" ಎಂದು ಅತ್ತಳು. ಕೂತಿದ್ದವರೆಲ್ಲ ಹೌದು ಹೌದು ಎಂದರು. ಬೀರುವಿನ ಬಾಗಿಲ ಹಾಳೆಯಲ್ಲಿ ಕೆಂಪು ಗೀಟುಗಳು ಎಲ್ಲರಿಗೂ ಕಾಣುವಂತೆ ಇದ್ದವು. ಯಾರೂ ಓದಲಿಲ್ಲ. ನಾನೂ ಓದಿ ಹೇಳಲಿಲ್ಲ.

ಆಮೇಲೆ ಚಿಕ್ಕಮಗಳೂರಿಗೆ ಬಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷ ಕಳೆದು ನನಗೇ ಬಿ.ಪಿ. ಬಂತು. ಡಾಕ್ಟರು ಚಿಕ್ಕ ವಯಸ್ಸಿನವರು. ಚೀಟಿ ಬರೆದು "ತಗೋತಾ ಇರಿ ಅಮ್ಮ" ಎಂದರು. ಅದೇ ಎರಡು ಪದ.

"ಭಾನುವಾರನೂ ತಗೋಬೇಕಾ?" ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. "ಭಾನುವಾರ ಬಿ.ಪಿ.ಗೆ ರಜಾನಾ ಅಮ್ಮ? ದಿನಾ ತಗೋಬೇಕು."

ಎಷ್ಟು ಸಣ್ಣ ಮಾತು! ಹೇಳಲು ಒಂದು ಉಸಿರೂ ಬೇಡ. ಮೂಡಿಗೆರೆಯಲ್ಲಿ ಅವತ್ತು ಆ ಒಂದು ಉಸಿರು ನಮಗೆ ಸಿಗಲಿಲ್ಲ. ಕೇಳಬೇಕೆಂದು ನಮಗೆ ಗೊತ್ತಿರಲಿಲ್ಲ ಸರಿ. ಹೇಳಬೇಕೆಂದು ಓದಿದವರಿಗೂ ಗೊತ್ತಿರಲಿಲ್ಲವೇ?

"ನಗಬೇಡಿ ಸಾರ್, ಅದನ್ನ ಚೀಟೀಲಿ ಬರೀರಿ. ಕನ್ನಡದಲ್ಲಿ" ಎಂದೆ. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬರೆದರು.

ಮಾರನೇ ದಿನ ಬೀಜ ಆರಿಸುವಾಗ ಪಕ್ಕದ ಹೆಂಗಸು ಚೀಟಿ ಇಸಕೊಂಡು ಓದಿದಳು. ಅವಳಿಗೆ ಸಕ್ಕರೆ ಕಾಯಿಲೆ, ನಾಲ್ಕು ವರ್ಷದ್ದು.

"ಇದೇನಕ್ಕ, 'ಭಾನುವಾರವೂ' ಅಂತ ಬರೆದಿದಾರೆ? ಭಾನುವಾರ ನಾನು ತಗೊಳಲ್ಲಪ್ಪ. ಮೈಗೂ ಒಂದಿನ ರಜ ಬೇಡ್ವ?"

ಕೈಯಲ್ಲಿದ್ದ ಬೀಜ ಮೊರಕ್ಕೆ ಹಾಕಿ, ಅವಳ ಕಡೆ ತಿರುಗಿ ಕೂತೆ. ಹಳ್ಳದ ಸಂಕದಿಂದ ಶುರು ಮಾಡಿದೆ.