ದಳಪತಿಗೆ ಒಪ್ಪಿಸಿದ ಬೂಟು

ಇಗ್ನಾತಿಸ್‌ನ ಮುಖಕ್ಕಿಂತ ಅವನ ಬೆನ್ನೇ ನನಗೆ ಹೆಚ್ಚು ಪರಿಚಯ. ದ್ವೀಪದಲ್ಲಿರುವ ನಮ್ಮ ಮಂದಮಾದೋಸ್ ಊರಿನ ಫುಟ್‌ಬಾಲ್ ತಂಡಕ್ಕೆ ನಾನು ಗೋಲ್‌ಕೀಪರ್, ನನ್ನ ಮುಂದೆ ಅವನು ಡಿಫೆಂಡರ್. ಹುಲ್ಲೆಂಬುದೇ ಇಲ್ಲದ ಮೈದಾನ. ಆಚೆ ಆಲಿವ್ ತೋಪು, ಅದರಾಚೆ ಸಮುದ್ರ. ಸಂಜೆಯಾದರೆ ಧೂಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ಓಡುವವರ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ಬೆಳಕಿನಲ್ಲಿ ಅಲುಗದೆ ನಿಂತಿರುತ್ತಿದ್ದುದು ಅವನ ಬೆನ್ನು ಒಂದೇ.

ಅಪ್ಪನ ಮೇಕೆಗಳು ಪಕ್ಕದವರ ಹಿತ್ತಲಿಗೆ ನುಗ್ಗದಂತೆ ತಡೆಯುತ್ತಲೇ ಅವನು ಆಟ ಕಲಿತದ್ದು. "ಮೇಕೆ ಮುಖ ನೋಡಬಾರದು ಕಣೋ, ಮೋಸ ಹೋಗ್ತೀಯ. ಭುಜ ನೋಡು," ಎನ್ನುತ್ತಿದ್ದ. ಎದುರು ತಂಡದವರನ್ನೂ ಹಾಗೇ ನೋಡುತ್ತಿದ್ದ. ಈ ಮೇಕೆ ಕಥೆ ಕಿವಿಗೆ ಬಿದ್ದು ಪಕ್ಕದೂರಿನ ಫಾರ್ವರ್ಡ್ ಒಬ್ಬ ನಮ್ಮೊಡನೆ ಮಾತೇ ಬಿಟ್ಟಿದ್ದ.

ಇಪ್ಪತ್ತರ ವಯಸ್ಸಿಗೆ ಸಮುದ್ರದಾಚೆಯ ಪಿರೇಯಸ್ ಬಂದರಿನ ದೊಡ್ಡ ತಂಡವೊಂದು ಅವನನ್ನು ಕರೆದುಕೊಂಡು ಹೋಯಿತು. ಅಂದಿನಿಂದ ಕಾಫಿ ಅಂಗಡಿಯ ಟೀವಿ ಮುಂದೆ ಇಡೀ ಊರು. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿತ್ತು. ಅವನ ತಂಡದ ಗೋಲಿಗೆ ಅಪಾಯ ಬಂದಾಗ ಮಾತ್ರ ಇಗ್ನಾತಿಸ್ ಕಾಣುತ್ತಿದ್ದ. ಅವನು ಕಂಡರೆ ಎಲ್ಲರ ಎದೆ ಧಸಕ್ಕೆನ್ನುವುದು. ಅವನ ತಾಯಿ ರಾಲ್ಲು ಅತ್ತೆ ಮಾತ್ರ, "ಇವತ್ತು ಕಾಣಿಸ್ಲೇ ಇಲ್ಲ, ಸದ್ಯ. ಚೆನ್ನಾಗಿ ಆಡಿದಾನೆ," ಎಂದು ಎದ್ದು ಹೋಗುತ್ತಿದ್ದಳು. ನಮ್ಮೂರಿನಲ್ಲಿ ಫುಟ್‌ಬಾಲ್ ಅರ್ಥವಾಗಿದ್ದು ಅವಳೊಬ್ಬಳಿಗೆ.

ಕೆಲವು ವರ್ಷ ಕಳೆದ ಮೇಲೆ ಅವನ ಮಂಡಿ ಮುರಿಯಿತು. ಆಪರೇಷನ್ ಮಾಡಿದ ಡಾಕ್ಟರು, ನಡೆದಾಡಬಹುದು, ಆಟದ ಮಾತು ಬೇಡ ಎಂದರು. ಅತ್ತೆ ಡಾಕ್ಟರನ್ನು ಬಿಟ್ಟು ದಳಪತಿಯ ಬಳಿ ಹೋದಳು. ದೇವದೂತರ ದಳಪತಿ ಮಿಖಾಯಿಲ್ ನಮ್ಮ ಇಗರ್ಜಿಯಲ್ಲಿ ಕಪ್ಪು ಮಣ್ಣಿನ ಮುಖ ಹೊತ್ತು ನಿಂತಿದ್ದಾನೆ. ರಾತ್ರಿಯಿಡೀ ದ್ವೀಪ ಸುತ್ತಿ ಕಾವಲು ಕಾಯುತ್ತಾನೆ, ಪಾಪ, ಕಾಲಿನ ಮೆಟ್ಟು ಬೇಗ ಸವೆಯುತ್ತದೆ. ಅದಕ್ಕೇ ಹರಕೆ ಹೊತ್ತವರು ಅವನಿಗೆ ಪಾದರಕ್ಷೆ ಒಪ್ಪಿಸುತ್ತಾರೆ. ಒಪ್ಪಿಸಿದ್ದನ್ನು ಮರಳಿ ತೆಗೆದುಕೊಂಡವರಿಲ್ಲ. "ನನ್ನ ಮಗನ ಮಂಡಿ ಕೊಡು, ಅವನ ಬೂಟು ನಿನಗೆ," ಎಂದಳಂತೆ ಅತ್ತೆ.

ಇಗ್ನಾತಿಸ್ ಊರಿಗೆ ಬಂದು ಮೇಕೆಗಳ ಜೊತೆ ಬೆಟ್ಟ ಹತ್ತಿ ಇಳಿದ. ಬೆಳಗಿನ ಮಂಜಿನಲ್ಲಿ ಸೊಂಟದ ಮಟ್ಟ ಸಮುದ್ರದಲ್ಲಿ ನಿಂತು ಕಾಲಾಡಿಸುತ್ತಿದ್ದ. ದಡದಿಂದ ನೋಡಿದರೆ ಅರ್ಧ ಮನುಷ್ಯ, ಅರ್ಧ ನೀರು. ಮುಂದಿನ ಬೇಸಿಗೆಗೆ ಮಂಡಿ ಬಾಗಿತು, ತಿರುಗಿತು, ಓಡಿತು. ಪಿರೇಯಸ್ ತಂಡದವರು ಹೇಳಿ ಕಳಿಸಿದರು: ಸೋಮವಾರ ಬಂದು ಆಡಿ ತೋರಿಸು, ಬರದಿದ್ದರೆ ಅಲ್ಲಿಗೆ ಮುಗಿಯಿತು.

ಶನಿವಾರ ಹುಡುಕಿದರೆ ಬೂಟು ಇಲ್ಲ. ಆಪರೇಷನ್ ಆದ ಮೇಲೆ ಕಾಲಿನ ಅಳತೆಗೆ ಒಳ ಅಟ್ಟೆ ಹಾಕಿಸಿದ ಬೂಟು ಅದು. ಬೇರೆಯದರಲ್ಲಿ ಮಂಡಿ ವಾಲುತ್ತಿತ್ತು.

"ಅಮ್ಮಾ, ನನ್ನ ಬೂಟ್ ಎಲ್ಲಿ?"

"ಮಂಡಿ ಕೊಟ್ಟೋನ ಹತ್ರ."

"ಅದೇ ಯಾಕಮ್ಮಾ? ಒಂದು ಜೊತೆ ಹಳೇ ಚಪ್ಪಲಿ ಕೊಡಬಾರದಿತ್ತಾ?"

"ಅವನೇನು ನಿಂಗೆ ಹಳೇ ಮಂಡಿ ಕೊಟ್ಟನಾ?"

ನಾನೂ ಇಗ್ನಾತಿಸ್‌ನೂ ಇಗರ್ಜಿಗೆ ಹೋದೆವು. ಹರಕೆಯವರು ಇಟ್ಟ ತಗಡಿನ ಪುಟ್ಟ ಪುಟ್ಟ ಪಾದರಕ್ಷೆಗಳ ನಡುವೆ ಬೂಟು ಕೂತಿತ್ತು. "ತಗೊಳ್ಳೋ, ಇವನಿಗೇನು ಆಡೋಕೆ ಬರುತ್ತಾ?" ಎಂದೆ. ಇಗ್ನಾತಿಸ್ ಕೈ ಚಾಚಿದ. ಆ ಕಪ್ಪು ಮುಖ ನೋಡಿ ಕೈ ಹಿಂದೆಗೆದುಕೊಂಡ. "ಕೊಟ್ಟಾಯ್ತು ಬಿಡು, ಪ್ರೊಕೋಪಿ. ನಾನು ಹೋಗಲ್ಲ," ಎಂದ. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಅವನನ್ನೂ ದಳಪತಿಯನ್ನೂ ಸೇರಿಸಿ ಬೈದೆ.

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಇಗ್ನಾತಿಸ್ ಹೇಳಿದ: "ಕನಸಲ್ಲಿ ಬಂದಿದ್ದ ಕಣೋ. ನನ್ನ ಬೂಟ್ ಹಾಕ್ಕೊಂಡು, ರೆಕ್ಕೆ ಮಡಚ್ಕೊಂಡು, ನಮ್ಮ ಗೋಲ್ ಮುಂದೆ ನಿಂತಿದ್ದ. ಯಾರನ್ನ ತಡೀಬೇಕು ಅಂತ ಗೊತ್ತಾಗ್ದೆ ನನ್ನನ್ನೇ ನೋಡ್ತಿದ್ದ."

"ನಾನೆಲ್ಲಿದ್ದೆ?"

"ಹಿಂದೆ ನಿಂತು ಅವನಿಗೆ ಬೈತಿದ್ದೆ."

ನಗಬೇಕೆಂದುಕೊಂಡೆ, ಆಗಲಿಲ್ಲ. ಅವನ ಕಣ್ಣು ತುಂಬಿತ್ತು. ಅಂಗಡಿಯ ಪಕ್ಕದ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅತ್ತೆ ಎಲ್ಲಿಗೋ ಹೋದಳು.

ಹಡಗಿಗೆ ಹೋಗುವ ಬಸ್ಸು ಬಂದು ನಿಂತಿತು. ಇಗ್ನಾತಿಸ್ ರಸ್ತೆಗೆ ಬೆನ್ನು ಮಾಡಿ ಕೂತ. ಆ ಬೆನ್ನು ಬಾಗಿದ್ದನ್ನು ಅವತ್ತೇ ಮೊದಲು ನೋಡಿದೆ. ಅಷ್ಟರಲ್ಲಿ ಇಗರ್ಜಿಯ ದಾರಿಯಲ್ಲಿ, ಬಿಸಿಲಿನ ಝಳ ನೀರಿನಂತೆ ಅಲೆಯಾಡುತ್ತಿದ್ದ ಕಡೆಯಿಂದ, ಅತ್ತೆ ಬಂದಳು. ಕೈಯಲ್ಲಿ ಬೂಟು. ಕಾಲು ಬರಿದು. ಅಂಗಡಿಯಲ್ಲಿದ್ದ ಮುದುಕರು ಎದ್ದು ನಿಂತು ಶಿಲುಬೆ ಗುರುತು ಮಾಡಿಕೊಂಡರು.

"ನನ್ನದನ್ನ ಅಲ್ಲಿಟ್ಟು ಬಂದೆ. ಅವನಿಗೆ ಚಿಕ್ಕದಾಗುತ್ತೆ, ಹೊಂದಿಸ್ಕೊಳ್ಳಲಿ," ಎಂದಳು.

"ಅಮ್ಮಾ, ಹರಕೆ..."

"ಹರಕೆ ನಂದು, ಪಾಪಾನೂ ನಂದೇ. ಸಿಟ್ಟು ಬಂದ್ರೆ ನನ್ನ ಕಾಲು ತಗೊಳ್ಳಲಿ. ನೀನು ಬಸ್ ಹತ್ತು."

ಅವನು ಹತ್ತಿದ. ತಂಡದವರು ಇಟ್ಟುಕೊಂಡರು. ಇನ್ನೂ ಐದು ವರ್ಷ ಆಡಿದ.

ಆ ಐದು ವರ್ಷವೂ ಅತ್ತೆ ಕಾಲಿಗೆ ಏನನ್ನೂ ಹಾಕಲಿಲ್ಲ. ಮಗ ಆಡುವಷ್ಟು ಕಾಲ ಬರಿಗಾಲು ಎಂದು ದಳಪತಿಗೆ ಮಾತು ಕೊಟ್ಟಿದ್ದಳು. ಚಳಿಗಾಲದಲ್ಲಿ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಇಗ್ನಾತಿಸ್ ರಜೆಗೆ ಬಂದರೆ ಮಾತ್ರ ಪಕ್ಕದ ಮನೆಯವಳ ಚಪ್ಪಲಿ ಇಸಕೊಂಡು ಮೆಟ್ಟುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು. ಬಾಯಿ ಹಿಡಿತವಿಲ್ಲದ ನಾನೂ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ಆಟ ಬಿಟ್ಟು ಬಂದುಬಿಡುತ್ತಿದ್ದ.