ಸಾರಮ್ಮ ನಿಲ್ಲಿಸಿದ ಸಾಲು

ಕಳೆದ ಭಾನುವಾರ ಬೆಳಿಗ್ಗೆ ಒಬ್ಬ ಹೆಂಗಸು ಬೈಬಲ್ ಓದುತ್ತಾ ಓದುತ್ತಾ ಒಂದು ಸಾಲಿನ ನಡುವೆ ನಿಲ್ಲಿಸಿಬಿಟ್ಟರು.

ಅಕ್ಷರ ಕಾಣದೆ ಅಲ್ಲ. ಮುಂದಿನ ಪದ ಏನೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನಿಂತರು.

ನಾವು ಮೂವತ್ತು ಚಿಲ್ಲರೆ ಜನ ಚಾಪೆಯ ಮೇಲೆ ಕೂತು ಕಾದೆವು. ಶೀಟಿನ ಮಾಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳುತ್ತಿತ್ತು.

ಬಹಳ ವರ್ಷಗಳಿಂದ ತಾಳವಾಡಿಯ ಸುದ್ದಿ ಬರೆಯುತ್ತಿದ್ದೇನೆ. ಭಾಷಣದ ಮಧ್ಯೆ ನಿಂತವರನ್ನು ನೋಡಿದ್ದೇನೆ (ಮೈಕ್ ಕೆಟ್ಟಾಗ). ಒಂದು ಸಾಲು ಓದಲು ಇಷ್ಟು ಕಷ್ಟಪಟ್ಟವರನ್ನು ನೋಡಿದ್ದು ಇದೇ ಮೊದಲು.

ಅವರ ಹೆಸರು ಸಾರಮ್ಮ. ವಯಸ್ಸು ಐವತ್ತರ ಆಸುಪಾಸು. ಕೋಸು, ಆಲೂಗಡ್ಡೆ ಹೊಲಗಳಲ್ಲಿ ಕೂಲಿ ಕೆಲಸ. ತಾಳವಾಡಿಯಿಂದ ತಾಳಮಲೆಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಅವರ ಊರು. ಗಂಡನ ಹೆಸರು ಮಾದೇವ. ಚರ್ಚಿನ ದಫ್ತರಿನಲ್ಲಿ ಮಾದೇವರಿಗೆ ಇನ್ನೊಂದು ಹೆಸರಿತ್ತಂತೆ. ಆ ಹೆಸರಿನಿಂದ ಯಾರೂ ಕರೆದದ್ದಿಲ್ಲ.

ಏಳು ವಾರದ ಹಿಂದೆ ಮಾದೇವ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೊರಟಿದ್ದರು. ಬೆಳಗಿನ ಮಂಜು. ಲಂಟಾನ ಪೊದೆಯ ತಿರುವು. ತಿರುವಿನಾಚೆ ಆನೆ.

ಸುದ್ದಿ ಬರೆದವನು ನಾನೇ. ಆರು ಸಾಲು. ತಲೆಬರಹದಲ್ಲಿ ‘ಪುಂಡಾನೆ’ ಎಂದಿತ್ತು. ಮನುಷ್ಯನನ್ನು ಕೊಂದ ಆನೆಗೆ ನಮ್ಮ ಪತ್ರಿಕೆಗಳಲ್ಲಿ ಇರುವ ಹೆಸರು ಅದೊಂದೇ. (ಕೊಲ್ಲದೆ ರಸ್ತೆ ದಾಟಿದರೆ ‘ಗಜರಾಜ’.)

ಆಮೇಲೆ ನಾನು ಮರೆತೆ. ಸುದ್ದಿಮನೆಯ ನೆನಪಿನ ಆಯುಸ್ಸು ಎಷ್ಟೆಂದು ನಿಮಗೆ ಗೊತ್ತಲ್ಲ?

ಸಾರಮ್ಮ ಮರೆತಿರಲಿಲ್ಲ. ಹೋದ ಬುಧವಾರ ಹುಡುಕಿಕೊಂಡು ಬಂದರು. ಝೆರಾಕ್ಸ್ ಅಂಗಡಿಯ ಮೇಲಿನ ನನ್ನ ಕೋಣೆಯ ಬಾಗಿಲಲ್ಲಿ ಹಳದಿ ಬಟ್ಟೆಚೀಲ ಹಿಡಿದು ನಿಂತಿದ್ದರು. ಚೀಲದಲ್ಲಿ ಎರಡು ವಸ್ತು. ಒಂದು ಬೈಬಲ್. ಇನ್ನೊಂದು ಮನು. (ಅರ್ಜಿಗೆ ಗಡಿಯ ಈಚೆ, ತಮಿಳುನಾಡಿನಲ್ಲಿರುವ ನಾವು ಅನ್ನುವುದು ಹೀಗೇ. ತಮಿಳಿನಿಂದ ಬಂದ ಮಾತು.)

ಮನು ಯಾವುದಕ್ಕೆ ಎಂದು ಕೇಳಿದೆ. ಆ ತಿರುವಿಗೆ ಒಂದು ದೀಪ ಹಾಕಿಸಲು ಎಂದರು. ಹಾಲು ಹಾಕಲು ಈಗಲೂ ಊರಿನವರು ಅದೇ ದಾರಿಯಲ್ಲಿ ಹೋಗಬೇಕು. ಆ ದಿನವೂ ಸೇರಿ ನಾಲ್ಕು ಸಲ ತಾಳವಾಡಿಯ ಒಂದು ಆಫೀಸಿಗೆ ಹೋಗಿ ಬಂದಿದ್ದರು. ನಾಲ್ಕು ಸಲವೂ ಫ್ಯಾನ್ ತಿರುಗುತ್ತಿತ್ತಂತೆ, ಕುರ್ಚಿಯ ಬೆನ್ನಿಗೆ ಟವೆಲ್ ಇತ್ತಂತೆ, ಕೂರುವವರು ಇರಲಿಲ್ಲವಂತೆ. ‘ಅಯ್ಯಾ ಮೀಟಿಂಗ್‌ನಲ್ಲಿದ್ದಾರೆ’ ಎಂಬ ಉತ್ತರ.

ಅದರ ಬಗ್ಗೆ ಬರೆಯಲು ಹೇಳುತ್ತಾರೆ ಎಂದುಕೊಂಡೆ. ಅವರು ಬಂದದ್ದು ಅದಕ್ಕಲ್ಲ. ಬೈಬಲ್ಲಿಗಾಗಿ ಬಂದಿದ್ದರು.

ಅವರ ಚರ್ಚಿನದೊಂದು ಪದ್ಧತಿ ಇದೆ. ಬೈಬಲ್ಲಿನ ಮೊದಲ ಪುಟದಿಂದ ಶುರುಮಾಡಿ ವಾರಕ್ಕೊಂದು ಅಧ್ಯಾಯ ಓದುವುದು. ಮನೆಗೊಂದು ಸರದಿ. ಯಾವ ಅಧ್ಯಾಯ ಯಾರ ಪಾಲಿಗೆ ಬರುತ್ತದೋ ಅದು ಅವರದು. ವಂಶಾವಳಿಯ ಪಟ್ಟಿ ಬಂದರೂ ಸರಿ, ಶಾಪ ಬಂದರೂ ಸರಿ, ಬದಲಾಯಿಸುವಂತಿಲ್ಲ. ಹೀಗೆ ಎರಡು ದಶಕ ದಾಟಿದೆ. (ನಮ್ಮ ಕಡೆ ಇಷ್ಟು ಕಾಲ ನಿಲ್ಲದೆ ನಡೆದ ಇನ್ನೊಂದು ಕೆಲಸ ನನಗೆ ನೆನಪಾಗುತ್ತಿಲ್ಲ.)

ಮಾದೇವರಿಗೆ ಓದು ಬರುತ್ತಿರಲಿಲ್ಲ. ಹೆಂಡತಿ ಓದುವಾಗ ಪಕ್ಕದಲ್ಲಿ ನಿಂತು ಪುಸ್ತಕ ಹಿಡಿದುಕೊಳ್ಳುವುದು ಅವರ ಪಾಲಿನ ಕೆಲಸ. ಚರ್ಚಿನ ದೊಡ್ಡ ಬೈಬಲ್ಲು, ಭಾರ. ಕೊನೆಗೆ ಏನಾಗುತ್ತದೆ ಅಂತ ಯಾರೂ ಮೊದಲೇ ಹೇಳಕೂಡದು ಎನ್ನುತ್ತಿದ್ದರಂತೆ. ಚರ್ಚು ನಡೆಸುವ ಉಪದೇಶಿ ತಮ್ಮ ಬೋಧನೆಯ, ಅಂದರೆ ಪ್ರಸಂಗದ, ನಡುವೆ ಮುಂದಿನದೇನಾದರೂ ಬಾಯಿಬಿಟ್ಟರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಇದನ್ನು ಹೇಳುವಾಗ ಸಾರಮ್ಮ ಸಣ್ಣಗೆ ನಕ್ಕರು.

ಬೈಬಲ್ಲಿನ ಕೊನೆಯ ಪುಸ್ತಕ ಶುರುವಾಗಲು ಎರಡು ಭಾನುವಾರ ಬಾಕಿ ಇದ್ದಾಗ ಮಾದೇವ ಹೋಗಿಬಿಟ್ಟರು.

ಈಗ ಆ ಕೊನೆಯ ಪುಸ್ತಕದ ಐದನೇ ಅಧ್ಯಾಯ. ಸರದಿ ಸಾರಮ್ಮನ ಮನೆಯದು. ಸಾವಾದ ಮನೆ ಮೂರು ತಿಂಗಳು ಸರದಿ ಬಿಟ್ಟುಕೊಡಬಹುದು, ಅದಕ್ಕೆ ಅನುಮತಿ ಇದೆ. ಉಪದೇಶಿ ಸಾಮುವೇಲ್ ತಾವಾಗಿಯೇ ಮನೆಗೆ ಬಂದು ಹಾಗೆಂದರಂತೆ. ಊರಿನಲ್ಲಿ ಆಗಲೇ ಎರಡು ಮಾತು ಹುಟ್ಟಿದ್ದವು. ಓದಿದರೆ ‘ಗಂಡ ಹೋಗಿ ಎಷ್ಟು ದಿನವಾಯ್ತು, ಕಲ್ಲೆದೆಯವಳು’. ಓದದಿದ್ದರೆ ‘ನಂಬಿಕೆ ಇಲ್ಲದವಳು’. ವಿಧವೆಗೆ ನಮ್ಮ ಜನ ಯಾವ ದಾರಿಯನ್ನು ತೆರೆದಿಟ್ಟಿದ್ದಾರೆ, ಹೇಳಿ?

ಅವರ ಕಷ್ಟ ಆ ಮಾತುಗಳದ್ದಾಗಿರಲಿಲ್ಲ. ಮನೆಯಲ್ಲಿ ಓದಿ ಅಭ್ಯಾಸ ಮಾಡುವಾಗ ಒಂದು ಸಾಲು ಅಡ್ಡ ಬಂದಿತ್ತು. ಸ್ವರ್ಗದಲ್ಲಿ, ಭೂಮಿಯ ಮೇಲೆ, ಭೂಮಿಯ ಕೆಳಗೆ, ಸಮುದ್ರದಲ್ಲಿ ಇರುವ ಪ್ರತಿಯೊಂದು ಜೀವಿಯೂ ಸಿಂಹಾಸನದ ಮೇಲೆ ಕೂತವನನ್ನು ಹೊಗಳುತ್ತದೆ ಎಂಬ ಅರ್ಥದ ಸಾಲು.

“ಪ್ರತಿಯೊಂದು ಅಂತ ಅದ ಸಾ, ಅಂದ್ರ ಆ ಆನನೂ ಸೇರ್ತು,” ಎಂದರು ಸಾರಮ್ಮ. “ನೀವು ಪೇಪರ್‌ನಲ್ಲಿ ಪುಂಡಾನ ಅಂತ ಆಕಿದ್ರಲ್ಲ, ಅದು ದಿಟವಾ?”

ಸಾಮುವೇಲ್‌ರನ್ನು ಕೇಳಬಹುದಿತ್ತಲ್ಲ ಎಂದೆ. ಕೇಳಿಯಾಗಿತ್ತು. ಪ್ರತಿಯೊಂದು ಅಂದರೆ ಪ್ರತಿಯೊಂದೇ ಎಂದು ಅವರು ಹೇಳಿದ್ದರು. ಅದು ಬೈಬಲ್ಲಿನ ಮಾತಾಯಿತು. ಸಾರಮ್ಮನಿಗೆ ಬೇಕಿದ್ದದ್ದು ಆ ತಿರುವಿನಲ್ಲಿ ನಡೆದದ್ದು ಏನು ಎಂಬುದು. ಅದು ವರದಿಗಾರನನ್ನು ಕೇಳುವ ಪ್ರಶ್ನೆ.

ಹಾಗಾಗಿ ಹೇಳಬೇಕಾಯಿತು. ಆವತ್ತು ಅರಣ್ಯ ಇಲಾಖೆಯ ವಾಚರ್ ಒಬ್ಬ ನನಗೆ ಹೆಜ್ಜೆ ತೋರಿಸಿದ್ದ. ದೊಡ್ಡ ಹೆಜ್ಜೆಯ ಪಕ್ಕದಲ್ಲಿ ಪುಟ್ಟ ಹೆಜ್ಜೆಗಳಿದ್ದವು. ಹೆಣ್ಣಾನೆ, ಜೊತೆಗೆ ಮರಿ. ಮಂಜಿನಲ್ಲಿ ಮಾದೇವ ಎರಡರ ನಡುವೆ ಹೋಗಿಬಿಟ್ಟಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಇದೆಲ್ಲ ಇತ್ತು. ಪತ್ರಿಕೆಯಲ್ಲಿ ಬರಲಿಲ್ಲ. ಆರು ಸಾಲಿನಲ್ಲಿ ಮರಿಗೆ ಜಾಗ ಎಲ್ಲಿ?

ಸಾರಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. ಬೈಯುತ್ತಾರೇನೋ ಎಂದು ಕಾದೆ.

“ಅಂಗಾದ್ರ ಇನ್ನೂ ಕಷ್ಟ ಆಯ್ತಲ್ಲ ಸಾ,” ಎಂದರು. “ಪುಂಡಾನ ಆಗಿದ್ರ, ಅದೊಂದ ಮನ್ಸಲ್ಲೇ ಬುಟ್ಟು ಓದವ ಅನ್ಕಂಡಿದ್ದೆ.”

ಭಾನುವಾರ ಬನ್ನಿ ಎಂದರು. ಓದುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದರು. ಮೆಟ್ಟಿಲಿಳಿದು ಬಸ್ಸಿಗೆ ಹೋದರು.

ನಾನು ಆ ಧರ್ಮದವನಲ್ಲ. ಆದರೆ ಪೂರ್ವತಯಾರಿ ಇಲ್ಲದೆ ಎಲ್ಲಿಗೂ ಹೋಗುವ ಅಭ್ಯಾಸ ಇಲ್ಲ. ಶನಿವಾರ ಒಂದು ಬೈಬಲ್ ಎರವಲು ತಂದು ಆ ಅಧ್ಯಾಯವನ್ನೂ ಅದರ ಹಿಂದಿನದನ್ನೂ ಓದಿದೆ.

ಒಂದು ಸಿಂಹಾಸನ. ಸುತ್ತ ಕಾಮನಬಿಲ್ಲು. ಎದುರಿಗೆ ಗಾಜಿನಂಥ ಸಮುದ್ರ. ಸಿಂಹದಂತೆ, ಹೋರಿಯಂತೆ, ಮನುಷ್ಯನಂತೆ, ಹಾರುವ ಹದ್ದಿನಂತೆ ನಾಲ್ಕು ಜೀವಿಗಳು ಹಗಲಿರುಳು ಪರಿಶುದ್ಧ ಎಂಬ ಒಂದೇ ಪದವನ್ನು ಮೂರು ಮೂರು ಸಲ ಹೇಳುತ್ತಿವೆ. ಇಪ್ಪತ್ನಾಲ್ಕು ಹಿರಿಯರು ಚಿನ್ನದ ಕಿರೀಟ ಇಟ್ಟುಕೊಂಡು ಕೂತಿದ್ದಾರೆ. (ಜೀವಿಗಳ ಪಟ್ಟಿಯಲ್ಲಿ ಆನೆ ಇಲ್ಲ. ಎರಡು ಸಲ ನೋಡಿದೆ.)

ನಿಜ ಹೇಳುತ್ತೇನೆ. ಮೊದಲು ನೆನಪಾದದ್ದು ಮಂತ್ರಿಗಳ ಸಭೆ. ಎತ್ತರದ ವೇದಿಕೆ, ಝಗಮಗಿಸುವ ಲೈಟು, ಹೊಗಳುವುದಕ್ಕೆಂದೇ ಕರೆತಂದ ಜನ. ಅಂಥವನ್ನು ವರದಿ ಮಾಡಿ ಮಾಡಿ ಹೊಗಳಿಕೆ ಎಂದರೆ ನನಗೆ ಒಗರು.

ಆದರೆ ಒಂದು ವ್ಯತ್ಯಾಸ ಕಂಡಿತು. ಕಿರೀಟ ಇಟ್ಟುಕೊಂಡವರು ಅಲ್ಲಿ ಎದ್ದು, ಕೆಳಗೆ ಬಿದ್ದು, ಕಿರೀಟವನ್ನು ತೆಗೆದು ಸಿಂಹಾಸನದ ಮುಂದೆ ಇಡುತ್ತಾರೆ. ನಮ್ಮ ಯಾವ ವೇದಿಕೆಯ ಮೇಲೆ ಯಾರು ಕುರ್ಚಿ ಬಿಟ್ಟು ಎದ್ದದ್ದನ್ನು ನೀವು ನೋಡಿದ್ದೀರಿ? ಇನ್ನೊಂದು. ಆ ಸಿಂಹಾಸನದ ನಟ್ಟನಡುವೆ ನಿಂತಿರುವುದು ಒಂದು ಕುರಿಮರಿ. ಕುತ್ತಿಗೆ ಕೊಯ್ದಂತೆ ಕಾಣುವ ಕುರಿಮರಿ. ಲೋಕವನ್ನೆಲ್ಲ ಆಳುವ ಜಾಗದಲ್ಲಿ ಒಂದು ಗಾಯ. ಆ ಪುಟವನ್ನು ಬೇಗ ಮುಗಿಸಲು ಆಗಲಿಲ್ಲ.

ಭಾನುವಾರ ಚರ್ಚಿನ ಬಾಗಿಲಲ್ಲಿ ಗುರುವಯ್ಯ ಸಿಕ್ಕರು. ಎಪ್ಪತ್ತು ದಾಟಿದ ಹಿರಿಯರು, ಆ ಸಭೆಯಲ್ಲಿ ಎಲ್ಲರಿಗಿಂತ ದೊಡ್ಡವರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಏನ್ ಸಾ, ಇಲ್ಲಿಗಂಟ ಬಂದಿದ್ದೀರಿ. ನಮ್ಗ ಗೊತ್ತಿಲ್ದಂಗ ಯಾರು ಸತ್ರು?”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ತಪ್ಪೇನಿದೆ? ಇಷ್ಟು ವರ್ಷದಲ್ಲಿ ಸಾವಿಲ್ಲದ ದಿನ ಆ ಊರಿಗೆ ನಾನು ಹೋದದ್ದು ಅದೇ ಮೊದಲು.

ಒಳಗೆ ಸುಣ್ಣ ಬಳಿದ ಗೋಡೆ, ಒಂದು ಮೇಜು, ಒಂದು ಶಿಲುಬೆ. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದ ಸಾಮುವೇಲ್‌ರಿಗೆ ಪ್ರಸಂಗ ಮಾಡಲು ತಮಿಳೇ ಸಲೀಸು. ಪುಸ್ತಕ ಮಾತ್ರ ಕನ್ನಡದ್ದು.

ಸಾರಮ್ಮ ಎದ್ದು ಹೋದರು. ಪುಸ್ತಕ ಹಿಡಿಯಲು ಸಾಮುವೇಲ್ ಕೈ ಚಾಚಿದರು. ಬೇಡ ಎಂದು ತಲೆಯಾಡಿಸಿ, ತಾವೇ ಎಡಗೈಯ ಮೇಲೆ ಹೇರಿಕೊಂಡು ಓದತೊಡಗಿದರು. ದನಿ ಒಂದೇ ಮಟ್ಟ. ಯಾರಿಂದಲೂ ಬಿಚ್ಚಲಾಗದ ಸುರುಳಿ, ಅದನ್ನು ಬಿಚ್ಚುವವರಿಲ್ಲವೆಂದು ಅಳುವ ಮನುಷ್ಯ, ಕುರಿಮರಿ, ಎಣಿಸಲಾಗದಷ್ಟು ದೇವದೂತರು. ಎಲ್ಲೂ ತಡವರಿಸಲಿಲ್ಲ.

ಆಮೇಲೆ ಆ ಸಾಲು. ‘ಪ್ರತಿಯೊಂದು’ ಎಂಬಲ್ಲಿ ದನಿ ನಿಂತಿತು.

ಅವರು ನಮ್ಮನ್ನು ನೋಡುತ್ತಿರಲಿಲ್ಲ, ಕಿಟಕಿಯಾಚೆಯ ಗುಡ್ಡವನ್ನು ನೋಡುತ್ತಿದ್ದರು. ಸಾಮುವೇಲ್ ಅರ್ಧ ಎದ್ದರು. ಉಳಿದದ್ದನ್ನು ತಾವೇ ಓದಿ ಮುಗಿಸಲು ಇರಬೇಕು. ಸಾರಮ್ಮ ಬಲಗೈಯನ್ನು ಪುಟದ ಮೇಲೆ ಒತ್ತಿಟ್ಟರು. ಕೊಡುವುದಿಲ್ಲ ಎಂದು ಅರ್ಥವಾಯಿತು. ಓದುವುದೂ ಇಲ್ಲ.

ಎಷ್ಟು ಹೊತ್ತು? ಗಡಿಯಾರ ನೋಡುವ ಬುದ್ಧಿ ನನಗೆ ಬರಲಿಲ್ಲ.

ಗುರುವಯ್ಯ ಮೊಣಕಾಲು ಹಿಡಿದುಕೊಂಡು ಎದ್ದರು. ಮೆಲ್ಲಗೆ ನಡೆದು, ಮಾದೇವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಪುಸ್ತಕದ ಅಡಿಗೆ ಎರಡೂ ಕೈ ಕೊಟ್ಟರು. ಅವರಿಗೂ ಓದು ಬರುವುದಿಲ್ಲವೆಂದು ಆಮೇಲೆ ತಿಳಿಯಿತು.

“ಓದವ್ವ. ನಾ ಇಡ್ಕಂಡಿವ್ನಿ.”

ಸಾರಮ್ಮ ಕೈ ತೆಗೆದರು. ಆ ಸಾಲನ್ನು ಮೊದಲಿನಿಂದ ಓದಿದರು. ಸ್ವರ್ಗದಲ್ಲಿರುವುದು, ಭೂಮಿಯ ಮೇಲಿರುವುದು, ಕೆಳಗಿರುವುದು, ಸಮುದ್ರದಲ್ಲಿರುವುದು, ಪ್ರತಿಯೊಂದೂ. ಯಾವುದನ್ನೂ ಬಿಡಲಿಲ್ಲ. ನಾಲ್ಕು ಜೀವಿಗಳು ಆಮೆನ್ ಎಂದವು ಎಂದು ಓದಿ ಮುಗಿಸಿದಾಗ ನಮ್ಮ ಕಡೆಯಿಂದ ಆಮೆನ್ ಸ್ವಲ್ಪ ತಡವಾಗಿ ಬಂತು.

ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಚಹಾ ಕೊಟ್ಟರು. ಸಾರಮ್ಮ ಜಗಲಿಯ ತುದಿಯಲ್ಲಿ ಕೂತಿದ್ದರು. ‘ಈಗ ಹೇಗನ್ನಿಸುತ್ತಿದೆ’ ಎಂಬುದು ನಮ್ಮ ವೃತ್ತಿಯ ಅತಿ ಕೆಟ್ಟ ಪ್ರಶ್ನೆ. ಅದನ್ನು ಕೇಳಲಿಲ್ಲ. ಕೇಳಿದ್ದೂ ಅದಕ್ಕಿಂತ ಬಹಳ ಒಳ್ಳೆಯದೇನಲ್ಲ. ಮನಸ್ಸಿಗೆ ಒಪ್ಪಿಗೆ ಆಯಿತಾ ಅಕ್ಕ, ಎಂದೆ.

“ಒಪ್ಗ ಎಲ್ಲಿ ಬಂತು ಸಾ,” ಎಂದರು. ಲೋಟವನ್ನು ಕೆಳಗಿಟ್ಟರು. “ಆಪೀಸ್ಗ ನಾಕು ಸಲ ಅಲೆದೆ. ಕುರ್ಚಿ ಖಾಲಿ. ಖಾಲಿ ಕುರ್ಚಿನ ಏನಂತ ಕೇಳದು? ಇಲ್ಲಿ ಕುಂತವ್ನೆ ಅಂತ ಬರದದ. ಕುಂತವ್ನೆ ಅಂದ್ಮೇಲ ಕೇಳಕಾಯ್ತದ. ಆ ಆನ ಅಲ್ಲಿ ನಿಂತ್ಕಂಡು ಒಗಳ್ಲಿ. ನಾನೂ ಅಲ್ಲೇ ನಿಂತ್ಕಂಡು ಕೇಳ್ತೀನಿ, ಯಾಕ ಇಂಗಾಯ್ತು ಅಂತ.”

ನಾನು ನೋಟ್‌ಬುಕ್ ತೆಗೆಯಲಿಲ್ಲ. ಮರೆಯುವ ಮಾತಾಗಿರಲಿಲ್ಲ.

ದೇವರು ಆಳುತ್ತಾನೆ ಎಂದು ಸಮಾಧಾನ ಹೇಳುವವರ ಮಾತನ್ನು ಎಷ್ಟೋ ಸಾವಿನ ಮನೆಗಳಲ್ಲಿ ಕೇಳಿದ್ದೇನೆ. ಆ ಮಾತಿಗೆ ಸಾಧಾರಣವಾಗಿ ‘ಸುಮ್ಮನಿರು’ ಎಂದೇ ಅರ್ಥ. ಸಾರಮ್ಮನ ಕೈಯಲ್ಲಿ ಅದೇ ಮಾತು ಕೇಳುವ ಹಕ್ಕಾಗಿತ್ತು. ಆರಾಧನೆ ಎಂದರೆ ಬಾಗುವುದು ಎಂದಷ್ಟೇ ತಿಳಿದಿದ್ದವನು ನಾನು. ಪ್ರಶ್ನೆ ಹಿಡಿದು ಅದೇ ಸಿಂಹಾಸನದ ಎದುರು ನಿಲ್ಲುವುದೂ ಆರಾಧನೆಯೇ ಇರಬಹುದೇ? ನಾನು ವರದಿಗಾರ. ಕಂಡದ್ದನ್ನು ದಾಖಲಿಸಬಲ್ಲೆ.

ದಾಖಲಿಸುವುದು ಇನ್ನೂ ಒಂದಿದೆ. ಏಳು ವಾರದ ಹಿಂದೆ ನಾನು ಪುಂಡಾನೆ ಎಂದು ಬರೆದದ್ದು ತಪ್ಪು. ಅದು ಮರಿಯೊಡನೆ ಇದ್ದ ತಾಯಿ ಆನೆ. ತಿದ್ದಿಕೊಳ್ಳಬೇಕಾಗಿ ಓದುಗರಲ್ಲಿ ವಿನಂತಿ.

ಆ ಚರ್ಚಿನಲ್ಲಿ ಪುಸ್ತಕ ಮುಗಿಯಲು ಇನ್ನು ಹದಿನೇಳು ಭಾನುವಾರ ಇದೆ. ಮಾದೇವರ ಪರವಾಗಿ ಕೊನೆಯನ್ನು ತಾವು ಕೇಳಿಸಿಕೊಳ್ಳಬೇಕು ಎಂದಿದ್ದಾರೆ ಸಾರಮ್ಮ. ಏನಾಗುತ್ತದೆಂದು ಅವರೂ ಮುಂದಿನ ಪುಟ ತಿರುವಿ ನೋಡಿಲ್ಲವಂತೆ.

ಸಿಂಹಾಸನ ಖಾಲಿಯಿಲ್ಲ ಎಂದು ನಂಬಿದ ಆ ಹೆಂಗಸು ನಾಳೆ ಮೊದಲ ಬಸ್ಸಿಗೆ, ದೀಪದ ಮನು ಹಿಡಿದು, ಐದನೇ ಸಲ ತಾಳವಾಡಿಗೆ ಬರುತ್ತಿದ್ದಾರೆ. ಆ ಕುರ್ಚಿಯಲ್ಲಿ ಯಾರಾದರೂ ಕೂತಿರುತ್ತಾರಾ?