ಡ್ರ್ಯಾಗನ್ನುಗಳ ನಡುವೆ ಒಂದು ಸೂರಕ್ಕಿ

ಸ್ವೀಡನ್ನಿನ ಮಾಲ್ಮೋದಲ್ಲಿ ಮಗಳು ಎರಡನೆಯ ತರಗತಿಯಲ್ಲಿದ್ದಾಗ, ತಾವು ಕಣ್ಣಾರೆ ಕಂಡ ಹಕ್ಕಿಯ ಚಿತ್ರ ಬರೆಯಲು ಮಕ್ಕಳಿಗೆ ಹೇಳಿದ್ದರು. ಅವಳು ಬರೆದದ್ದು ಜಯನಗರದ ಅಜ್ಜಿ ಮನೆಯ ಬಾಲ್ಕನಿಗೆ ಬರುವ ಹಕ್ಕಿಯನ್ನು. ಹೆಬ್ಬೆರಳಿನಷ್ಟು ಮೈ, ಬಾಗಿದ ಕೊಕ್ಕು, ಹಳದಿ ಹೊಟ್ಟೆ, ಬಿಸಿಲಿಗೆ ನೇರಳೆಯಾಗಿ ಹೊಳೆಯುವ ಕತ್ತು. ಬಟ್ಟೆ ಒಣಗಿಸುವ ತಂತಿಗೆ ಜೋತುಬಿದ್ದ ಗೂಡನ್ನೂ ಬಿಟ್ಟಿರಲಿಲ್ಲ. ಕೆಳಗೆ ‘ಹಮ್ಮಿಂಗ್ ಬರ್ಡ್’ ಎಂದು ಬರೆದಿದ್ದಳು. ಬೆಂಗಳೂರಿನಲ್ಲಿ ನಾವೆಲ್ಲ ಅದನ್ನು ಹಾಗೇ ತಾನೆ ಕರೆಯುವುದು?

ಪೋಷಕರ ಸಭೆಗೆ ಹೋದರೆ, ಉಳಿದ ಮಕ್ಕಳ ಚಿತ್ರಗಳೆಲ್ಲ ಹಕ್ಕಿಗಳ ಗೋಡೆಯ ಮೇಲೆ. ನಮ್ಮವಳದು ಮಾತ್ರ ಎದುರು ಗೋಡೆಯಲ್ಲಿ, ಡ್ರ್ಯಾಗನ್ನುಗಳ ನಡುವೆ, ‘ಕಲ್ಪನೆಯ ಪ್ರಾಣಿಗಳು’ ಎಂಬ ಫಲಕದ ಕೆಳಗೆ! ನನಗೆ ಮೈಯೆಲ್ಲ ಉರಿದುಹೋಯಿತು.

“ಆ ಹಕ್ಕಿ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ಇಂಡಿಯಾದಲ್ಲಿ ಇಲ್ಲ” ಎಂದರು ಟೀಚರು, ಕಾಫಿ ಬಗ್ಗಿಸುತ್ತಾ. “ಆದರೆ ನಿಮ್ಮ ಮಗಳ ಕಲ್ಪನೆ ಎಷ್ಟು ಚೆನ್ನಾಗಿದೆ!”

ಕಲ್ಪನೆಯಂತೆ, ಕಲ್ಪನೆ! ಮರಿಗಳು ಹಾರಿಹೋಗುವ ತನಕ ನಮ್ಮಮ್ಮ ಆ ತಂತಿಗೆ ಒಂದು ಕರ್ಚೀಫನ್ನೂ ಹಾಕಿರಲಿಲ್ಲ.

ಮನೆಗೆ ಬಂದವಳೇ ಬೆಂಗಳೂರಿನ ತಮ್ಮನಿಂದ ಅದರ ಫೋಟೊ ಈಮೇಲ್ ಮಾಡಿಸಿಕೊಂಡೆ. ಇಂಟರ್ನೆಟ್ಟಿನಲ್ಲೂ ಹುಡುಕಿದೆ. ಟೀಚರು ಹೇಳಿದ್ದು ನಿಜ. ಹಮ್ಮಿಂಗ್ ಬರ್ಡ್ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ನಮ್ಮದು ದಾಸವಾಳದ ತೊಟ್ಟಿನ ಮೇಲೆ ಆರಾಮಾಗಿ ಕೂತು ಕುಡಿಯುತ್ತದೆ. ಅದು ಸೂರಕ್ಕಿ. ಆಯ್ತಪ್ಪಾ, ಹೆಸರು ತಪ್ಪು. ಹೆಸರು ತಪ್ಪಾದ ಮಾತ್ರಕ್ಕೆ ಹಕ್ಕಿಯೇ ಇಲ್ಲವೇ? ಮಗುವಿನ ಕಣ್ಣು ಸುಳ್ಳೇ? ‘ಎಲ್ಲಿ ನೋಡಿದೆ?’ ಎಂದು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮರುದಿನ ಮಗಳ ಜೊತೆಗೇ ಹೋಗಿ ಫೋಟೊವನ್ನು ಟೀಚರ ಮುಂದೆ ಹಿಡಿದೆ. ಅವರು ಒಮ್ಮೆ ಫೋಟೊ ನೋಡಿದರು, ಒಮ್ಮೆ ಚಿತ್ರ ನೋಡಿದರು. ಮುಖ ಕೆಂಪಾಯಿತು. ಮಗಳ ಕ್ಷಮೆ ಕೇಳಿ, ಅವಳತ್ತ ನಕ್ಕು, ಚಿತ್ರ ತೆಗೆದು ಹಕ್ಕಿಗಳ ಗೋಡೆಗೆ ಹಾಕಲು ಕೈ ಎತ್ತಿದರು.

ಮಗಳು ನನ್ನ ಕೋಟು ಜಗ್ಗಿದಳು.

“ಬೇಡಮ್ಮಾ, ಅಲ್ಲೇ ಇರ್ಲಿ. ನಾನು ಆ ಹಕ್ಕಿ ನೋಡೇ ಇಲ್ಲ, ಸುಳ್ಳು ಹೇಳ್ದೆ ಅಂತ ಕ್ಲಾಸಲ್ಲಿ ಹೇಳ್ಬಿಟ್ಟಿದೀನಿ.”

“ಯಾಕೇ ಹಾಗಂದೆ?”

“ಹಾಗಂದ ಮೇಲೇ ಎಲ್ರೂ ನಗೋದು ನಿಲ್ಸಿದ್ದು.”

ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಇನ್ನೂ ನಗುಮುಖದಲ್ಲೇ ಇದ್ದರು. ನಾನು ಬಿಡಲಿಲ್ಲ. ನನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ, ಅವಳು ಹೇಳಿದ್ದನ್ನು ಅವರಿಗೆ ಒಂದಕ್ಷರ ಬಿಡದೆ ಹೇಳಿದೆ.